ಓರೆ ಗೆರೆ

ಕಂಪ್ಯೂಟರು ನನ್ನ ಮದುವೆ ಮುರಿದದ್ದು ಒಂದು ಮಂಗಳವಾರ. ಆ ಹೊತ್ತಿಗೆ ನಾನು ತಲೆಯ ಮೇಲೆ ಸಿಮೆಂಟಿನ ಕಲಸು ಹೊತ್ತು ಏಣಿ ಹತ್ತುತ್ತಿದ್ದೆ. ಅಂಧೇರಿಯ ಯಾವುದೋ ತಂಪು ಆಫೀಸಿನಲ್ಲಿ ಯಾರೋ ಒಂದು ಗುಂಡಿ ಒತ್ತಿದರು. ನನ್ನ ಗಂಡ ನನ್ನ ಗಂಡನಲ್ಲ ಎಂದು ತೀರ್ಮಾನವಾಯಿತು. ನನಗೆ ಹೇಳಿದವರಿಲ್ಲ. ನಾನು ಏಣಿ ಹತ್ತುತ್ತಲೇ ಇದ್ದೆ.

ನಗುವವರು ನಗಬಹುದು. ನಮ್ಮ ಗುಡ್ಡದವರೂ ಮೊದಲು ನಕ್ಕರು.

ನನ್ನ ಹೆಸರು ಮಹಾದೇವಿ. ಮಲಾಡಿನ ಪೂರ್ವಕ್ಕೆ ಗುಡ್ಡವಿದೆ. ಗುಡ್ಡದ ಮೇಲೆ ನಾವಿದ್ದೇವೆ. ಕೆಳಗೆ ಸೊಸೈಟಿಗಳು, ಅವಕ್ಕೆ ಗೇಟು, ಗೇಟಿಗೆ ವಾಚ್‌ಮನ್. ಆ ಬಿಲ್ಡಿಂಗುಗಳನ್ನು ಕಟ್ಟಿದವರು ನಾವು. ಕಟ್ಟಿ ಮುಗಿಸಿದ ಮರುದಿನ ಅದೇ ಗೇಟಿನಲ್ಲಿ "ಏ ಬಾಯಿ, ಕಿಧರ್?" ಎಂದು ನಿಲ್ಲಿಸುತ್ತಾರೆ. ನಾವು ವಿಜಯಪುರದ ಕಡೆಯ, ಕಲ್ಲು ಒಡೆಯುವ ಜನ. ಅಪ್ಪ ಇಲ್ಲಿಯ ಕ್ವಾರಿಯಲ್ಲಿ ಕಲ್ಲು ಒಡೆದು ಒಡೆದು ಎದೆಯಲ್ಲಿ ಧೂಳು ತುಂಬಿಕೊಂಡು ಸತ್ತ. ನಾನು ಗುಡ್ಡದ ಬುಡದ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದೆ. ಆ ಶಾಲೆಗೆ ಈಗ ಬೀಗ ಬಿದ್ದಿದೆ. ಓದು ಮುಗಿದ ಮೇಲೆ ನಾಕಾ. ನಾಕಾ ಎಂದರೆ ಕೂಲಿಯವರು ಬೆಳಿಗ್ಗೆ ಸಾಲಾಗಿ ನಿಲ್ಲುವ ಜಾಗ. ಮುಕಾದಮ ಬಂದು ನಮ್ಮ ತೋಳು ನೋಡುತ್ತಾನೆ, ಕುತ್ತಿಗೆ ನೋಡುತ್ತಾನೆ, ಬೇಕಾದವರನ್ನು ಟೆಂಪೋಗೆ ಹತ್ತಿಸುತ್ತಾನೆ. ದನ ಕೊಳ್ಳುವವನೂ ಇಷ್ಟೇ ನೋಡುವುದು.

ನನ್ನದು ಗೋಡೆ ಕಟ್ಟುವ ಗೌಂಡಿಯ ಕೈಕೆಳಗಿನ ಕೆಲಸ. ಮರಳು ಸೋಸು, ಕಲಸು, ಹೊರು, ಕೊಡು. ಸಿಮೆಂಟು ಬೆರಳ ಸಂದುಗಳನ್ನು ತಿನ್ನುತ್ತದೆ. ರಾತ್ರಿ ಎಣ್ಣೆ ಹಚ್ಚಿದರೆ ಉರಿ, ಹಚ್ಚದಿದ್ದರೆ ಬಿರುಕು. ಗೋಡೆಗೆ ಗಿಲಾವು ಮಾಡುವಾಗ ನೇರ ಗುರುತು ಬೇಕಾಗುತ್ತದೆ. ಅದಕ್ಕೊಂದು ದಾರವಿದೆ, ಕೆಮ್ಮಣ್ಣಿನ ಪುಡಿಯಲ್ಲಿ ಅದ್ದಿದ ದಾರ. ಒಂದು ತುದಿ ಗೌಂಡಿ ಹಿಡಿಯುತ್ತಾನೆ, ಇನ್ನೊಂದು ನಾನು. ಬಿಗಿಯಾಗಿ ಎಳೆದು, ನಡುವೆ ಎತ್ತಿ ಬಿಟ್ಟರೆ ಫಟ್ ಎಂದು ಗೋಡೆಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಗೌಂಡಿಗಳು ದಾರ ಕಳೆದುಕೊಳ್ಳುತ್ತಾರೆಂದು ಅದರ ಉಂಡೆ ಯಾವಾಗಲೂ ನನ್ನ ಸೊಂಟದ ಚೀಲದಲ್ಲೇ ಇರುತ್ತದೆ.

ಬಂಡೆಪ್ಪ ನನ್ನ ಗಂಡ. ನನ್ನ ಅವ್ವ ಹಾಲವ್ವನ ಒಡಹುಟ್ಟಿದ ತಮ್ಮ. ಅಂದರೆ ನನ್ನ ಸೋದರಮಾವ. ನಮ್ಮಲ್ಲಿ ಇದು ಮುಚ್ಚಿಡುವ ವಿಷಯವಲ್ಲ. ಅಕ್ಕನ ಮಗಳನ್ನು ಕೇಳುವ ಹಕ್ಕು ಮೊದಲು ತಮ್ಮನದು. ಅಪ್ಪ ಸತ್ತಾಗ ಊರಿನಿಂದ ಬಂದು, ಅಪ್ಪನ ಸುತ್ತಿಗೆಯನ್ನೇ ಹಿಡಿದು ನಮ್ಮನ್ನು ಸಾಕಿದವನು ಅವನು. ನಾನು ದೊಡ್ಡವಳಾದ ಮೇಲೆ ಅವನಿಗೇ ಕೊಟ್ಟರು. ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಅದೂ ನಿಜ. ಆ ಜಗಳ ನನ್ನದು, ಅವ್ವನದು, ಅವನದು. ನಾವು ಮೂವರೂ ಸಾಕಷ್ಟು ಕಿತ್ತಾಡಿ ಮುಗಿಸಿದ್ದೇವೆ. ಅದರಲ್ಲಿ ಅಂಧೇರಿಯ ಆಫೀಸಿಗೆ ಪಾಲು ಕೊಟ್ಟಿರಲಿಲ್ಲ. ನಾನು ಅವನನ್ನು ಇವತ್ತಿಗೂ ಮಾವ ಎಂದೇ ಕರೆಯುತ್ತೇನೆ.

ಗುಡ್ಡದ ಮೇಲೆ ನಮ್ಮವು ಎರಡು ಝೋಪಡಿ. ಒಂದರಲ್ಲಿ ಅವ್ವ. ಪಕ್ಕದ್ದರಲ್ಲಿ ನಾನು, ಮಾವ, ಕಾಲೇಜಿಗೆ ಹೋಗುವ ಮಗ ಗುರುಪಾದ. ನಡುವೆ ಒಂದೇ ತಗಡು. ಅವ್ವ ಕೆಮ್ಮಿದರೆ ನಮಗೆ ಎಚ್ಚರ. ಅಪ್ಪನ ಎದೆಯಲ್ಲಿದ್ದ ಧೂಳು ಅವಳ ಎದೆಯಲ್ಲೂ ಇದೆ.

ಗುಡ್ಡ ತೆರವು ಮಾಡಿ ಕೆಳಗೆ ಟವರ್ ಕಟ್ಟುವ ಯೋಜನೆ ಬಂತು, ಅಂಧೇರಿಯ ಒಂದು ಕಂಪನಿಯದು. ಒಂದು ಕುಟುಂಬಕ್ಕೆ ಒಂದು ಕೋಣೆ ಎಂದರು. ನಮ್ಮವು ಎರಡು ಒಲೆ, ಎರಡು ಬಾಗಿಲು. ಎರಡು ಕೋಣೆ ಸಿಗುತ್ತದೆ ಎಂದುಕೊಂಡೆವು. ಟ್ಯಾಬ್ಲೆಟ್ ಹಿಡಿದ ಒಬ್ಬ ಹುಡುಗಿ ಬಂದಳು. ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಹೊಸ್ತಿಲಲ್ಲೇ ನಿಂತು ಕೇಳಿದಳು. ನಿನ್ನ ಹೆಸರೇನು, ತಾಯಿಯ ಹೆಸರೇನು, ಗಂಡನ ಹೆಸರೇನು, ಗಂಡನ ಅಕ್ಕತಂಗಿಯರು ಯಾರು. ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಿದರೆ ಕೋಣೆ ಹೋಗುತ್ತದೆ ಎಂದು ಹೆದರಿಸಿದ್ದರು. ನಿಜ ಹೇಳಿದರೆ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಆ ಹುಡುಗಿ ತುಂಬಿಕೊಂಡು ಹೋದದ್ದನ್ನೆಲ್ಲ ಆಫೀಸಿನ ಕಂಪ್ಯೂಟರು ತಾನೇ ಚಿತ್ರ ಮಾಡುತ್ತದಂತೆ, ಒಂದೊಂದು ಕುಟುಂಬಕ್ಕೆ ಒಂದೊಂದು ವಂಶದ ಮರ. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ. ಡಬ್ಬಿಯೊಳಗೆ ಹೆಸರು. ತಾಯಿಯಿಂದ ಮಕ್ಕಳಿಗೆ ಕೆಳಗೆ ಗೆರೆ, ಗಂಡನಿಂದ ಹೆಂಡತಿಗೆ ಅಡ್ಡ ಗೆರೆ. ಗೆರೆ ಹಸಿರಾದರೆ ಸರಿ, ಕೆಂಪಾದರೆ ತಪ್ಪು. ಮನುಷ್ಯರ ಕೈ ತಾಗುವುದೇ ಇಲ್ಲ. ಈ ಚಿತ್ರಗಳನ್ನು ಕಾಗದದ ಮೇಲೆ ಇಳಿಸಿ ನಲ್ಲಿಯ ಪಕ್ಕದ ಬೋರ್ಡಿಗೆ ಅಂಟಿಸಿದರು. ನೀರಿಗೆ ನಿಂತವರಿಗೆಲ್ಲ ಓದಲು ಒಳ್ಳೆಯ ಅನುಕೂಲ.

ನಾನು ಕೆಲಸ ಮುಗಿಸಿ ಕೊಡ ಹಿಡಿದು ನಲ್ಲಿಗೆ ಬಂದಾಗ ಬೋರ್ಡಿನ ಮುಂದೆ ಗುಂಪು. ನನ್ನನ್ನು ಕಂಡು ದಾರಿ ಬಿಟ್ಟರು. ಹಾಗೆ ದಾರಿ ಬಿಡುವುದು ಮರ್ಯಾದೆಗಲ್ಲ ಎಂದು ಹೆಂಗಸರಿಗೆ ಬೇಗ ಗೊತ್ತಾಗುತ್ತದೆ.

ಮೇಲೆ ಎರಡು ಡಬ್ಬಿ, ಒಂದೇ ಸಾಲಿನಲ್ಲಿ: ಹಾಲವ್ವ, ಅವಳ ತಮ್ಮ ಬಂಡೆಪ್ಪ. ಕೆಳಗಿನ ಸಾಲಿನಲ್ಲಿ ನಾನು. ನನ್ನಿಂದ ಬಂಡೆಪ್ಪನಿಗೆ ಹೋಗುವ ಗೆರೆ ಕೆಂಪಗೆ, ನಡುವೆ ಕತ್ತರಿಸಿದಂತೆ ಒಂದು ಅಡ್ಡ ಗುರುತು. ಅವನ ಡಬ್ಬಿಯಲ್ಲಿ ಅವಿವಾಹಿತ ಎಂದಿತ್ತು. ನನ್ನ ಕೆಳಗೆ ಗುರುಪಾದ. ಅವನ ಅಪ್ಪನ ಜಾಗದಲ್ಲಿ ಡಬ್ಬಿಯಿತ್ತು, ಒಳಗೆ ಹೆಸರಿರಲಿಲ್ಲ. ಒಂದು ಪ್ರಶ್ನೆಯ ಚಿಹ್ನೆ ಇತ್ತು.

ಹೆತ್ತವಳು ನಾನು. ಅಪ್ಪ ಯಾರು ಎಂದು ಕೇಳಲು ಈ ಕಾಗದ ಯಾರು?

ಕಿಶೋರಣ್ಣ ಅಲ್ಲೇ ನಿಂತಿದ್ದ. ಮಂಗಳೂರಿನ ಕಡೆಯವನು, ಗುಡ್ಡದ ಬುಡದಲ್ಲಿ ಹೋಟೆಲ್ ಇಟ್ಟಿದ್ದಾನೆ, ಗುಡ್ಡದ ಕಮಿಟಿಗೆ ಸೆಕ್ರೆಟರಿ. ಕಂಪನಿಯವರಿಗೆ ಚಹಾ ಹೋಗುವುದು ಅವನ ಹೋಟೆಲಿನಿಂದಲೇ.

"ನಿನ್ನದು ಸಿಸ್ಟಮ್ ತೆಗೆದುಕೊಳ್ಳಲಿಲ್ಲ ಮಾರಾಯ್ತಿ," ಎಂದ. "ಮಾವನನ್ನು ಮದುವೆ ಆದರೆ ಅದು ಎಂತ ಮಾಡುವುದು? ನಮ್ಮ ಕಡೆ ಹಾಗೆಲ್ಲ ಇಲ್ಲಪ್ಪ."

"ನಿಮ್ಮ ಕಡಿ ಇಲ್ಲಂದ್ರ ನಮ್ಮ ಕಡೀನೂ ಇರಬಾರದೇನ್ರಿ?"

"ನನಗೆ ಹೇಳಿ ಎಂತ ಪ್ರಯೋಜನ? ಮದುವೆ ಆಗಿಲ್ಲ ಅಂತ ಆಯ್ತಲ್ಲ, ಈಗ ನೀನೂ ಬಂಡೆಪ್ಪನೂ ಹಾಲವ್ವನ ಕುಟುಂಬಕ್ಕೇ ಸೇರಿದ ಹಾಗೆ. ಒಂದು ಮರ, ಒಂದು ಕೋಣೆ."

ಗುಂಪಿನಲ್ಲಿ ಯಾರೋ ಕಿಸಕ್ ಎಂದರು. ಕೊಡ ತುಂಬಿಸಿಕೊಂಡು ಗುಡ್ಡ ಹತ್ತಿದೆ. ಅವತ್ತು ಕೊಡ ಭಾರವೆನಿಸಲಿಲ್ಲ, ಬೇರೇನೋ ಭಾರವಿತ್ತು.

ಮನೆಯಲ್ಲಿ ಗುರುಪಾದ ಮೊಬೈಲು ಹಿಡಿದು ಕೂತಿದ್ದ. ಯಾರೋ ಬೋರ್ಡಿನ ಫೋಟೋ ತೆಗೆದು ಹುಡುಗರ ಗ್ರೂಪಿಗೆ ಹಾಕಿದ್ದರು. ಕೆಳಗೆ ನಗುವ ಮುಖಗಳು ಸಾಲು ಸಾಲು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಸಿಟ್ಟು ಬಂದರೆ ಮಾತ್ರ ಬಾಯಿಗೆ ಬರುವುದಿಲ್ಲ.

"ಅವ್ವಾ, ಐಸಾ ಶಾದಿ ಕಾಯ್ಕೋ ಕಿಯಾ? ಸಬ್ ಹಸ್ ರಹೇ ಹೈ. ನಾ ಕಾಲೇಜ್ ಹೆಂಗ... ಕೈಸೆ ಜಾವೂಂ?" ಇಂಥ ಮದುವೆ ಯಾಕೆ ಮಾಡಿಕೊಂಡೆ, ಎಲ್ಲರೂ ನಗುತ್ತಿದ್ದಾರೆ, ಕಾಲೇಜಿಗೆ ಹೇಗೆ ಹೋಗಲಿ ಎಂದು.

ಮೂಲೆಯಲ್ಲಿ ಮಾವ ಪಾದದ ಬಿರುಕಿಗೆ ಮೇಣ ತುಂಬುತ್ತಿದ್ದ. ಅವನು ಕಡಿಮೆ ಮಾತಿನವನು. ಮೊದಲು ಕಲ್ಲು ಒಡೆದ, ಈಗ ರಸ್ತೆ ಒಡೆಯುತ್ತಾನೆ. ಯಂತ್ರ ಹಿಡಿದು ಹಿಡಿದು ಅವನ ಎರಡೂ ಕೈ ಸದಾ ನಡುಗುತ್ತವೆ. ಮೇಣ ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

"ನಿಮ್ಮಪ್ಪ ಇಲ್ಲೇ ಕುಂತಾನ," ಎಂದೆ ಮಗನಿಗೆ. "ಪ್ರಶ್ನೆ ಇದ್ರ ಅವನ್ನ ಕೇಳು."

ಹುಡುಗ ಎದ್ದು ಹೊರಗೆ ಹೋದ.

ಮಾರನೆಯ ವಾರ ಕಿಶೋರಣ್ಣ ತಾನೇ ಗುಡ್ಡ ಹತ್ತಿ ಬಂದ. ಏದುಸಿರು ಬಿಡುತ್ತ ಅವ್ವನ ಹೊಸ್ತಿಲ ಮೇಲೆ ಕೂತ. ತಿದ್ದುಪಡಿಯ ಶಿಬಿರ ಇದೆ, ಒಂದು ಉಪಾಯವಿದೆ ಎಂದ. ಉಪಾಯ ಸುಲಭದ್ದು. ಹಾಲವ್ವ ಶಿಬಿರಕ್ಕೆ ಬಂದು, ಮಹಾದೇವಿ ನನ್ನ ಮಗಳಲ್ಲ, ಬಂಡೆಪ್ಪ ನನ್ನ ತಮ್ಮನಲ್ಲ, ಅವರು ಪಕ್ಕದ ಮನೆಯವರು ಎಂದು ಹೇಳಬೇಕು. ಅಷ್ಟಾದರೆ ಗಂಡ ಹೆಂಡತಿ ಒಂದು ಮರ, ಮುದುಕಿ ಬೇರೆ ಮರ. ಎರಡು ಕೋಣೆ.

"ಬಾಯಿ ಮಾತಲ್ವಾ ಹಾಲವ್ವ? ಹೇಳಿದ ಕೂಡಲೇ ನಿನ್ನ ಮಗಳು ಮಗಳಲ್ಲದೆ ಹೋಗ್ತಾಳಾ?"

"ಬ್ಯಾಡವ್ವ," ಎಂದೆ ನಾನು.

ಅವ್ವ ನನ್ನ ಕಡೆ ನೋಡಲಿಲ್ಲ. "ನಾ ಹೇಳ್ತೀನಿ," ಎಂದಳು. "ನಿಮ್ಮಪ್ಪ ಸತ್ತಾಗ ನಿನ್ನ ಸಲವಾಗಿ ಏನೇನೋ ಹೇಳೀನಿ, ಯಾರ್ಯಾರ ಕಾಲೋ ಹಿಡದೀನಿ. ಇದೇನ್ ದೊಡ್ಡದು? ನಾಳೆ ನಾ ಸತ್ತ ಮ್ಯಾಲೆ ನನ್ನ ಕ್ವಾಣಿ ಗುರುಪಾದಗ ಆಕ್ಕೈತಿ. ಅವನಿಗಿ ಹೆಣ್ಣ ಕೊಡವ್ರು ಮೊದಲು ಕ್ವಾಣಿ ಕೇಳ್ತಾರ."

ಆಗ ನಾನೂ ಬಾಯಿ ಮುಚ್ಚಿದೆ. ಎರಡನೆಯ ಕೋಣೆಯ ಆಸೆ ನನಗೂ ಇತ್ತು. ನಲವತ್ತು ದಾಟಿದ ಮೇಲೆ ಹೆಂಗಸಿಗೆ ಬಾಗಿಲು ಹಾಕಿಕೊಂಡು ಸೀರೆ ಬದಲಿಸುವ ಜಾಗ ಬೇಕು ಎನ್ನಿಸುವುದು ತಪ್ಪೇ?

ಶಿಬಿರ ನಡೆದದ್ದು ನಮ್ಮ ಹಳೆಯ ಕನ್ನಡ ಶಾಲೆಯಲ್ಲಿ. ಬೀಗ ತೆಗೆಸಿದ್ದರು. ನಾನು ಕೂತಿದ್ದ ಏಳನೆಯ ಕ್ಲಾಸಿನ ಕೋಣೆಯೇ. ಕರಿಹಲಗೆ ಕಿತ್ತು ಗೋಡೆಗೆ ಬಿಳಿ ಹೊಡೆದಿದ್ದರು. ಆ ಬಿಳಿಯ ಮೇಲೆ ಪ್ರೊಜೆಕ್ಟರಿನ ಬೆಳಕು ಬೀಳುತ್ತಿತ್ತು. ನಾನೂ ಮಾವನೂ ಅರ್ಧ ದಿನದ ಕೆಲಸ ಬಿಟ್ಟು, ಮೈಮೇಲಿನ ಸಿಮೆಂಟಿನ ಸಮೇತ, ಅವ್ವನನ್ನು ಕರೆದುಕೊಂಡು ಬಂದಿದ್ದೆವು. ಗುಡ್ಡದವರು ಸಾಲಾಗಿ ನೆಲದ ಮೇಲೆ ಕೂತಿದ್ದರು. ನಮ್ಮ ಹಿಂದೆ ಶಿವಪುತ್ರಪ್ಪ, ರುಕ್ಮಿಣಿಬಾಯಿ. ಅವರ ಮನೆಗಳಲ್ಲೂ ಅಕ್ಕನ ಮಗಳನ್ನು ತಂದವರೇ, ಅವರ ಗೆರೆಗಳೂ ಕೆಂಪೇ. ನಲ್ಲಿಯ ಹತ್ತಿರ ನಕ್ಕವರು ತಮ್ಮ ಕಾಗದ ಬಂದ ಮೇಲೆ ನಗು ನಿಲ್ಲಿಸಿದ್ದರು.

ಮೇಜಿನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬ ಮೇಡಂ. ಹೆಸರು ಸಾಧನಾ. ಮೈಸೂರಿನ ಕಡೆಯವಳು, ಬೊರಿವಲಿಯಲ್ಲಿ ಮನೆ. ನಮ್ಮ ಮಾತು ಕೇಳಿ ಅವಳ ಮುಖ ಅರಳಿತು.

"ಅಯ್ಯೋ, ನೀವು ಕನ್ನಡದೋರಾ? ಎಷ್ಟು ಖುಷಿ ಆಯ್ತು ಗೊತ್ತಾ? ಬೆಳಿಗ್ಗೆಯಿಂದ ಹಿಂದೀಲಿ ಮಾತಾಡಿ ಮಾತಾಡಿ ಸಾಕಾಗೋಗಿತ್ತು."

ನಮ್ಮನ್ನು ಕುರ್ಚಿಯಲ್ಲಿ ಕೂರಿಸುವಷ್ಟು ಖುಷಿಯಲ್ಲ. ನಿಂತೇ ಇದ್ದೆವು. ಗೋಡೆಯ ಮೇಲೆ ನಮ್ಮ ಚಿತ್ರ ಬಂತು. ನಲ್ಲಿಯ ಹತ್ತಿರ ಅಂಗೈಯಷ್ಟಿದ್ದ ಪ್ರಶ್ನೆಯ ಚಿಹ್ನೆ ಇಲ್ಲಿ ಆಳೆತ್ತರ.

"ಇದನ್ನ ಯಾರು ಬರದಾರ್ರಿ?" ಎಂದು ಕೇಳಿದೆ.

"ಯಾರೂ ಬರೆಯಲ್ಲಮ್ಮ. ಡೇಟಾ ಕೊಟ್ರೆ ಸಿಸ್ಟಮ್ಮೇ ಡಯಾಗ್ರಾಮ್ ಮಾಡುತ್ತೆ. ಅದಕ್ಕೆ ನಿಮ್ಮೋರು ತಮ್ಮೋರು ಅಂತ ಇಲ್ಲ. ಎಲ್ರಿಗೂ ಒಂದೇ ರೂಲು."

"ಮತ್ತ ನಮ್ಮ ಗೆರಿ ಯಾಕ ಕೆಂಪ ಮಾಡೇತಿ?"

"ಮದುವೆ ಅಂದ್ರೆ ಒಂದೇ ಸಾಲಲ್ಲಿರೋ ಇಬ್ಬರ ಮಧ್ಯೆ ಅಂತ ಅದರಲ್ಲಿ ಸೆಟ್ ಮಾಡಿದೆ. ನಿಮ್ಮ ಯಜಮಾನ್ರು ನಿಮ್ಮ ತಾಯಿ ಸಾಲಲ್ಲಿ ಬರ್ತಾರೆ. ನೀವು ಕೆಳಗಿನ ಸಾಲು. ಸರ್ಟಿಫಿಕೇಟ್ ತಂದ್ರೂ ಅದು ತಗೊಳಲ್ಲ."

"ಹಂಗಂತ ಅದಕ್ಕ ಹೇಳಿಕೊಟ್ಟವ್ರು ಯಾರ್ರಿ?"

ಮೇಡಂ ಪಕ್ಕದಲ್ಲಿ ನಿಂತಿದ್ದ ಕಿಶೋರಣ್ಣನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ಬಾಗಿ ದನಿ ತಗ್ಗಿಸಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಅದರಲ್ಲಿ ನನಗೆ ಅನುಮಾನವಿಲ್ಲ.

"ನೋಡಿ, ಬೇಜಾರು ಮಾಡ್ಕೋಬೇಡಿ. ನಮ್ಮಜ್ಜಿ ಅಮ್ಮಣ್ಣಿ ಅಂತ, ಅವರೂ ಸೋದರಮಾವನ್ನೇ ಮದುವೆ ಆಗಿದ್ದು. ನಮ್ಮಲ್ಲೂ ಆಗ ಅದೆಲ್ಲ ಇತ್ತು."

"ಅವರ ಚಿತ್ರಾನೂ ಹಿಂಗ ಕೆಂಪ ಬಂತೇನ್ರಿ?"

"ಅವರ ಚಿತ್ರ ಯಾಕೆ ಬರುತ್ತೆ?" ಮೇಡಂಗೆ ನಗು ಬಂತು. "ನಮ್ಮದು ಸ್ವಂತ ಮನೆ ಅಲ್ವಾ. ನಮ್ಮನ್ನ ಯಾರು ಕೇಳ್ತಾರೆ?"

ಕೇಳಿದಿರಾ? ಅವಳ ಅಜ್ಜಿ ಮಾವನನ್ನು ಮದುವೆಯಾದರೆ ಅದು ಮನೆತನ. ನಾನಾದರೆ ತಪ್ಪು. ನಡುವೆ ಇರುವುದು ಒಂದು ಸ್ವಂತ ಮನೆ, ಅಷ್ಟೇ. ಇದ್ದವರ ಮನೆಯ ಬಾಗಿಲಲ್ಲಿ ಟ್ಯಾಬ್ಲೆಟ್ ಹಿಡಿದು ಯಾರೂ ನಿಲ್ಲುವುದಿಲ್ಲ. ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂದು ಅವರನ್ನು ಗೋಡೆಗೆ ಅಂಟಿಸುವುದಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಎರಡು ಕೋಣೆ, ಎರಡು ಕೋಣೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಮೇಡಂ ನೆಟ್ಟಗೆ ಕೂತು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಹಾಲವ್ವ ಅವರೇ, ಈ ಬಂಡೆಪ್ಪ ನಿಮ್ಮ ತಮ್ಮನಾ?"

"ಅಲ್ರಿ."

"ಈ ಮಹಾದೇವಿ ನಿಮ್ಮ ಮಗಳಾ?"

ಅವ್ವ ನೆಲ ನೋಡಿದಳು. ಕೆಮ್ಮು ಬಂತು. ಕೆಮ್ಮಿ ಮುಗಿಯುವ ತನಕ ಇಡೀ ಕೋಣೆ ಕಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು.

"ಅಲ್ರಿ. ಬಾಜೂ ಮನಿಯಾಕಿ."

ಮೇಡಂ ಗುಂಡಿ ಒತ್ತಿದಳು. ಗೋಡೆಯ ಮೇಲೆ ಚಿತ್ರ ತಾನೇ ಅಲುಗಾಡಿತು. ಕೆಂಪು ಗೆರೆ ಹೋಯಿತು. ನಾನೂ ಬಂಡೆಪ್ಪನೂ ಒಂದೇ ಸಾಲಿಗೆ ಬಂದೆವು, ನಡುವೆ ಹಸಿರು ಗೆರೆ. ಪ್ರಶ್ನೆಯ ಚಿಹ್ನೆ ಹೋಗಿ ಗುರುಪಾದನ ಅಪ್ಪನ ಹೆಸರು ಬಂತು. ಅವ್ವನ ಡಬ್ಬಿ ಕಿತ್ತುಕೊಂಡು, ಸರಿಯುತ್ತಾ ಸರಿಯುತ್ತಾ ಗೋಡೆಯ ಮೂಲೆಗೆ ಹೋಗಿ ನಿಂತಿತು.

"ನೋಡಿ, ಎಷ್ಟು ನೀಟಾಗಿ ಬಂತು," ಎಂದಳು ಮೇಡಂ.

ಅವ್ವ ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. "ಇದರಾಗ ನಾ ಎಲ್ಲಿ ಅದೀನ್ರಿ?"

"ಅಲ್ಲಿ, ಕಾರ್ನರ್‌ನಲ್ಲಿ."

"ನನ್ನ ಡಬ್ಬಿಗಿ ಒಂದೂ ಗೆರಿ ಇಲ್ಲಲ್ರಿ?"

"ಇಲ್ಲ. ನೀವು ಒಬ್ಬರೇ ಅಂತ ಅಲ್ವಾ ಹೇಳಿದ್ದು."

ಅವ್ವ ಮೇಡಂ ಕಡೆ ತಿರುಗಿದಳು. "ನಾ ಸತ್ತ ಮ್ಯಾಲೆ ನನ್ನ ಕ್ವಾಣಿ ಯಾರಿಗಿ ಹೋಕ್ಕೈತ್ರಿ?"

"ವಾರಸುದಾರರು ಇಲ್ಲದಿದ್ರೆ ಕಂಪನಿಗೆ ವಾಪಸ್ ಹೋಗುತ್ತೆ. ಅದು ರೂಲು. ಕಿಶೋರ್ ಹೇಳಿಲ್ವಾ?"

ಕಿಶೋರಣ್ಣ ಮೊಬೈಲು ನೋಡುತ್ತಿದ್ದ. ತುಂಬಾ ಮುಖ್ಯವಾದದ್ದೇನೋ ಬಂದಿರಬೇಕು, ತಲೆ ಎತ್ತಲೇ ಇಲ್ಲ.

ಅವ್ವನ ಕೆಮ್ಮು ಗುಡ್ಡಕ್ಕೆಲ್ಲ ಗೊತ್ತು. ಅವನ ಹೋಟೆಲಿಗೂ ಕೇಳಿಸುತ್ತದೆ. ನಿಜ ಹೇಳಿದರೆ ಇವತ್ತೇ ಒಂದು ಕೋಣೆ ಹೋಗುತ್ತದೆ. ಸುಳ್ಳು ಹೇಳಿದರೆ ಅವ್ವನ ಹೆಣದ ಜೊತೆ ಹೋಗುತ್ತದೆ. ಅದಕ್ಕಾಗಿ ಇಷ್ಟು ಜನರ ಮುಂದೆ ನನ್ನ ಹೆತ್ತವಳ ಬಾಯಿಂದ ಮಗಳಲ್ಲ ಎನ್ನಿಸಿದರು. ಅವ್ವ ನನ್ನ ಮುಖ ನೋಡಿದಳು. ಅಪ್ಪ ಸತ್ತಾಗಲೂ ಅವಳ ಕಣ್ಣು ಹಾಗಿರಲಿಲ್ಲ.

"ಹೊಳ್ಳಿ ಹಾಕ್ರಿ," ಎಂದೆ.

"ಏನು?"

"ನಮ್ಮವ್ವನ ಗೆರಿ. ಹೊಳ್ಳಿ ಹಾಕ್ರಿ. ಕೆಂಪಂದ್ರ ಕೆಂಪಽ ಇರಲಿ. ನಾ ಆಕಿ ಮಗಳು. ಇಂವ ಆಕಿ ತಮ್ಮ, ನನ್ನ ಗಂಡ. ಒಂದೂ ಬಿಡಂಗಿಲ್ಲ."

"ಹಾಗೆಲ್ಲ ಮಾಡಕ್ಕಾಗಲ್ಲಮ್ಮ. ಸೇವ್ ಆಗೋಯ್ತು. ಬೇಕಾದ್ರೆ ಮತ್ತೆ ಅರ್ಜಿ ಹಾಕಿ. ಇಲ್ಲೊಂದು ಹೆಬ್ಬೆಟ್ಟು ಒತ್ತಿ, ಮುಗೀತು. ನೆಕ್ಸ್ಟ್ ಯಾರು?"

"ನಾ ಒತ್ತಂಗಿಲ್ಲ. ನಮ್ಮವ್ವನೂ ಒತ್ತಂಗಿಲ್ಲ."

"ಹಟ ಮಾಡಬೇಡ ಮಾರಾಯ್ತಿ," ಎಂದ ಕಿಶೋರಣ್ಣ. ಈಗ ಮೊಬೈಲಿನ ಕೆಲಸ ಮುಗಿದಿತ್ತು. "ಹಿಂದೆ ಎಷ್ಟು ಜನ ಕೂತಿದ್ದಾರೆ ನೋಡು. ಸರಿ, ಸರಿ, ಹೊರಗೆ ಹೋಗು."

ಹೊರಗೆ ಹೋಗು. ಗೇಟಿನಲ್ಲೂ ಅದೇ, ಲಿಫ್ಟಿನಲ್ಲೂ ಅದೇ, ನಾವೇ ಕಟ್ಟಿದ ಮೆಟ್ಟಿಲಲ್ಲೂ ಅದೇ. ಈಗ ನನ್ನ ಶಾಲೆಯಿಂದಲೂ. ನಾನು ಸೊಂಟದ ಚೀಲಕ್ಕೆ ಕೈ ಹಾಕಿದೆ. ದಾರದ ಉಂಡೆ ಸಿಕ್ಕಿತು.

"ಮಾವಾ, ಬಾ ಇಲ್ಲಿ. ಹಿಡಿ."

ಮಾವ ಮುಂದೆ ಬಂದ. ಯಾಕೆ, ಏನು ಎಂದು ಕೇಳಲಿಲ್ಲ. ಕೆಲಸದಲ್ಲಿ ಕೇಳುವ ಹಾಗೆ ಒಂದೇ ಮಾತು ಕೇಳಿದ. "ಎಲ್ಲಿ ಹಿಡೀಲಿ?"

"ನಿಮ್ಮಕ್ಕನ ಹೆಸರಿನ ಮ್ಯಾಲೆ."

ಅವನು ಗೋಡೆಯ ಮೂಲೆಗೆ ಹೋಗಿ ಹಾಲವ್ವ ಎಂಬ ಡಬ್ಬಿಯ ಮೇಲೆ ದಾರದ ತುದಿ ಒತ್ತಿ ಹಿಡಿದ. ನಡುಗುವ ಕೈ ಆಗ ನಡುಗಿತೋ ಇಲ್ಲವೋ ನಾನು ನೋಡಲಿಲ್ಲ. ನಾನು ಇನ್ನೊಂದು ತುದಿಯನ್ನು ನಮ್ಮಿಬ್ಬರ ಡಬ್ಬಿಗಳ ತನಕ ಎಳೆದೆ. ಪ್ರೊಜೆಕ್ಟರಿನ ಬೆಳಕು ನನ್ನ ಮೈಮೇಲೂ ಬಿತ್ತು, ಯಾರದೋ ಹೆಸರು ನನ್ನ ರವಿಕೆಯ ಮೇಲೆ ಹರಿಯಿತು. ದಾರ ಬಿಗಿ ಮಾಡಿದೆ. ಎತ್ತಿದೆ. ಬಿಟ್ಟೆ.

ಫಟ್.

"ಏಯ್! ಗೋಡೆ ಹಾಳು ಮಾಡ್ತೀಯಾ? ಪೊಲೀಸರನ್ನು ಕರೆಸ್ತೇನೆ ನೋಡು!" ಎಂದು ಕಿಶೋರಣ್ಣ ಕೂಗಿದ.

"ಕರಸು," ಎಂದೆ. "ಅವರ ಮುಂದೂ ಇದನ್ನಽ ಹೇಳ್ತೀನಿ."

ಕಿಶೋರಣ್ಣ ಹೋಗಿ ಪ್ರೊಜೆಕ್ಟರಿನ ವಯರು ಕಿತ್ತ. ಡಬ್ಬಿಗಳೆಲ್ಲ ಹೋದವು. ಹಸಿರು ಹೋಯಿತು, ಹೆಸರುಗಳು ಹೋದವು, ಮೇಡಂನ ನೀಟಾದ ಚಿತ್ರ ಹೋಯಿತು. ಬಿಳಿ ಗೋಡೆಯ ಮೇಲೆ ನಮ್ಮ ಗೆರೆ ಮಾತ್ರ ಉಳಿಯಿತು. ಅವ್ವ ಗೋಡೆಯ ಹತ್ತಿರ ಹೋಗಿ ನೋಡಿದಳು.

"ವಾರಿ ಆಗೇತಿ," ಎಂದಳು. ಗೆರೆ ಓರೆಯಾಗಿದ್ದು ನಿಜ.

"ಇರಲಿ ಬಿಡವ್ವ."

ಹಿಂದಿನಿಂದ ರುಕ್ಮಿಣಿಬಾಯಿ ಎದ್ದು ನಿಂತಳು. "ನಾನೂ ಇವತ್ತ ಹೆಬ್ಬೆಟ್ಟ ಒತ್ತಂಗಿಲ್ಲ. ನಡೀರಿ," ಎಂದಳು. ಕೆಲವರು ಎದ್ದರು. ಕೆಲವರು ಕೂತೇ ಇದ್ದರು.

ಆಮೇಲೆ ಆದದ್ದನ್ನು ಚಂದ ಮಾಡಿ ಹೇಳಬಾರದು. ನಮ್ಮ ಹೆಸರಿನ ಮುಂದೆ ವಿವಾದ ಎಂದು ಬಿತ್ತು. ವಿವಾದವಿದ್ದವರಿಗೆ ಎರಡೂ ಇಲ್ಲ, ಒಂದೂ ಇಲ್ಲ, ವಿಚಾರಣೆ ಮುಗಿಯುವ ತನಕ ಕಾಯಬೇಕು. ಹೆಬ್ಬೆಟ್ಟು ಒತ್ತಿದವರಿಗೆ ಟವರಿನ ನಕಾಶೆ ತೋರಿಸಿ ಪೇಡೆ ಹಂಚಿದರು.

ಶಾಲೆಯ ಆ ಗೋಡೆಗೆ ಸುಣ್ಣ ಹೊಡೆಯಲು ಆಳು ಬೇಕೆಂದು ಮುಕಾದಮ ನಾಕಾಕ್ಕೆ ಬಂದ. ನನ್ನನ್ನೇ ಕರೆದ. ಅವನಿಗೆ ವಿಷಯ ಗೊತ್ತಿತ್ತೋ ಏನೋ.

"ಆ ಗ್ವಾಡಿಗಿ ನಾ ಹೊಡಿಯಂಗಿಲ್ಲ," ಎಂದೆ. ಅವತ್ತು ನನ್ನನ್ನು ಬೇರೆ ಕೆಲಸಕ್ಕೂ ಕರೆಯಲಿಲ್ಲ.

ನಾಕಾದಲ್ಲಿ ನಿಂತವರಲ್ಲಿ ಒಬ್ಬರೂ ಹೋಗಲಿಲ್ಲ ಎಂದು ಬರೆಯುವ ಆಸೆ ನನಗೂ ಇದೆ. ಸುಳ್ಳು. ಹೋದರು. ಹೋದವನು ಶಿವಪುತ್ರಪ್ಪ. ಅವನದೂ ಕೆಂಪು ಗೆರೆಯೇ, ಆದರೆ ಅವನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಸಂಜೆ ನನ್ನ ಮುಂದೆ ಹಾದು ಹೋಗುವಾಗ ಮುಖ ತಪ್ಪಿಸಿಕೊಂಡು ಹೇಳಿದ, "ಎಷ್ಟ ಸಲ ಹೊಡದ್ರೂ ಒಣಗಿದ ಕೂಡ್ಲೆ ಎದ್ದ ಬರ್ತೈತಿ ನೋಡವಾ." ಕೆಮ್ಮಣ್ಣಿಗೆ ಆ ಗುಣವಿದೆ. ಸುಣ್ಣ ತೆಳ್ಳಗೆ ಕಲಸಿದರೆ ಇನ್ನೂ ಬೇಗ ಬರುತ್ತದೆ. ಅವನು ಹೇಗೆ ಕಲಸಿದ್ದ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ವಿವಾದದವರಿಗೆ ಇನ್ನೊಂದು ಶಿಬಿರ. ಅದೇ ಶಾಲೆ, ಅದೇ ಗೋಡೆ. ಸಾಧನಾ ಮೇಡಂ ಇರಲಿಲ್ಲ. ಅಚಿಂತ್ಯ ಎಂಬ ಹೊಸ ಹುಡುಗ ಬಂದಿದ್ದ. ಬೆಂಗಳೂರಿನ ಅಪ್ಪ ಅಮ್ಮ, ಬೆಳೆದದ್ದು ಅಂಧೇರಿ, ಕನ್ನಡ ಅಲ್ಪ ಸ್ವಲ್ಪ. ಅವನು ಮೊದಲ ಮನೆಯ ಚಿತ್ರ ಹಾಕಿದ. ಚಿತ್ರದ ಮೇಲೆ ಈ ಕೊನೆಯಿಂದ ಆ ಕೊನೆಗೆ ಓರೆಯಾಗಿ ಒಂದು ಮಸುಕು ಕೆಂಪು ಗೆರೆ.

"ಯೇ ಲೈನ್ ಕಹಾಂ ಸೆ ಆ ರಹೀ ಹೈ?" ಈ ಗೆರೆ ಎಲ್ಲಿಂದ ಬರುತ್ತಿದೆ ಎಂದು ಗುಂಡಿ ಒತ್ತಿದ. ಹೋಗಲಿಲ್ಲ. ಇನ್ನೊಂದು ಮನೆಯ ಚಿತ್ರ ಹಾಕಿದ. ಅದರ ಮೇಲೂ ಗೆರೆ. ರುಕ್ಮಿಣಿಬಾಯಿಯ ಮನೆಯ ಮೇಲೂ ಗೆರೆ. ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತೆ ಶುರು ಮಾಡಿದ. ಆಫೀಸಿಗೆ ಫೋನು ಮಾಡಿ, ಎಲ್ಲ ಚಿತ್ರದಲ್ಲೂ ಒಂದು ತಪ್ಪು ಸಂಬಂಧ ಬರುತ್ತಿದೆ, ಅಳಿಸಲು ಆಗುತ್ತಿಲ್ಲ ಎಂದು ದೂರಿದ. ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡದೆ ಕೂತರು. ನನ್ನ ಪಕ್ಕದಲ್ಲಿ ಗುರುಪಾದ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದ.

ಅವ್ವನಿಗೆ ಈಗ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುವುದಿಲ್ಲ. ಮಾವನ ತೋಳು ಹಿಡಿದು ಎದ್ದು ಮೇಜಿನ ತನಕ ಹೋದಳು.

"ಒತ್ತಬ್ಯಾಡೋ ತಮ್ಮಾ," ಎಂದಳು. "ಅದು ನಿನ್ನ ಮಷೀನಿಂದಲ್ಲ, ನಂದು. ನನ್ನ ಮಗಳ ಕಡಿ ಹೋಗೂ ಗೆರಿ."

ಹುಡುಗ ಅರ್ಧ ತಿಳಿದು ಅರ್ಧ ತಿಳಿಯದೆ ನೋಡಿದ. ಅವ್ವನ ಹೆಸರು ಹುಡುಕಿ ತೆಗೆದ. "ಅಜ್ಜಿ, ನಿಮ್ಗೆ... ಯಾರ್ ಇದ್ದಾರೆ?"

"ಮಗಳ ಅದಾಳ, ಮಹಾದೇವಿ. ತಮ್ಮ ಅದಾನ, ಬಂಡೆಪ್ಪ. ಅವರಿಬ್ರೂ ಗಂಡ ಹೆಂಡ್ತಿ. ಬರ್ಕೋ."

ಅವನು ಬರೆದುಕೊಂಡ. ಗುಂಡಿ ಒತ್ತಿದ. ಗೋಡೆಯ ಮೇಲೆ ಮತ್ತೆ ಅದೇ ಕತ್ತರಿಸಿದ ಕೆಂಪು, ಮತ್ತೆ ಅದೇ ಪ್ರಶ್ನೆಯ ಚಿಹ್ನೆ. "ನಹೀಂ ಲೇ ರಹಾ ಹೈ," ಎಂದ ಹುಡುಗ. ತೆಗೆದುಕೊಳ್ಳುತ್ತಿಲ್ಲ.

ಅವ್ವ ಮೇಜು ಹಿಡಿದುಕೊಂಡಳು. ಕೆಮ್ಮಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮತ್ತ ಬರಿ," ಎಂದಳು.